ಬ್ಲಾಕ್‌ಚೈನ್ ಜಾಲಗಳ ಬೆಳವಣಿಗೆಯ ಲೆಕ್ಕ: ಒಂದು ವಿಮರ್ಶೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿರುವ ಅಶೋಕನ ಎರಡು ಶಾಸನಗಳು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಗವಿಮಠದ ಶಾಸನದಲ್ಲಿ ಚಕ್ರವರ್ತಿಯು ತನ್ನ ವಿಷಯವಾಗಿಯೇ ಹೇಳಿಕೊಂಡಿರುವ ಒಂದು ಸಂಗತಿ ಗಮನಾರ್ಹವಾದುದು. ಎರಡೂವರೆ ವರ್ಷಗಳಿಗೂ ಮಿಗಿಲಾದ ಕಾಲ ತಾನು ಉಪಾಸಕನಾಗಿದ್ದರೂ ಆಗ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಬಳಿಕ ಒಂದು ವರ್ಷಕ್ಕೂ ಮಿಗಿಲಾಗಿ ನಿಜವಾದ ಪ್ರಯತ್ನದಲ್ಲಿ ತೊಡಗಿರುವೆನೆಂದೂ ಆತ ತಿಳಿಸುತ್ತಾನೆ. ಉಪಾಸಕರ ಪಟ್ಟಿಯೊಂದನ್ನು ಆ ಕಾಲದಲ್ಲಿ ಬರೆದಿಟ್ಟಿದ್ದರೆ ಮೊದಲ ದಿನದಿಂದಲೇ ಆತನ ಹೆಸರು ಅದರಲ್ಲಿ ಸೇರಿರುತ್ತಿತ್ತು. ಪಟ್ಟಿಯಲ್ಲಿ ಹೆಸರಿರುವುದು ಒಂದು ಸಂಗತಿ, ಆಚರಣೆಯಲ್ಲಿ ತೊಡಗಿರುವುದು ಇನ್ನೊಂದು ಎಂಬ ವಿವೇಕ ಈ ನೆಲದ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ದಾಖಲಾಗಿದೆ.

ಈ ವಿವೇಕವನ್ನು ನೆನಪಿನಲ್ಲಿಟ್ಟುಕೊಂಡು ಇಂದಿನ ಒಂದು ಹೊಸ ದಾಖಲಾತಿ ಪದ್ಧತಿಯನ್ನು ಪರಿಶೀಲಿಸಬೇಕಾಗಿದೆ. ಬ್ಲಾಕ್‌ಚೈನ್ ಎಂಬ ಹೆಸರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕುಟುಂಬಗಳಿಗೆ ಈಗ ಅಪರಿಚಿತವಾಗಿ ಉಳಿದಿಲ್ಲ. ದೂರದ ನಗರಗಳಲ್ಲಿ ಓದುವ ಮಕ್ಕಳ ಮಾತಿನಲ್ಲಿ, ಮೊಬೈಲಿಗೆ ಬರುವ ಜಾಹೀರಾತಿನಲ್ಲಿ, ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಅದು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಹಣ ತೊಡಗಿಸಲು ಪ್ರೇರೇಪಿಸುವವರು ಮುಂದಿಡುವ ಮೊದಲ ಆಧಾರವೆಂದರೆ ಬೆಳವಣಿಗೆಯ ಅಂಕಿ. ಇಂಥ ಜಾಲವನ್ನು ದಿನಕ್ಕೆ ಇಷ್ಟು ಲಕ್ಷ ಮಂದಿ ಬಳಸುತ್ತಿದ್ದಾರೆ, ಮೂರು ತಿಂಗಳಲ್ಲಿ ಬಳಕೆ ಇಮ್ಮಡಿಯಾಗಿದೆ, ಇಷ್ಟು ಕೋಟಿ ಡಾಲರು ಅದರಲ್ಲಿ ಠೇವಣಿಯಾಗಿದೆ ಎಂಬ ಬಗೆಯ ಮಾತುಗಳವು. ಅಂಕಿಯನ್ನು ಕೇಳಿದವರು ಬೆಲೆ ಏರುವುದೆಂದು ನಂಬುತ್ತಾರೆ. ನಂಬಿದವರು ಉಳಿತಾಯದ ಹಣವನ್ನು ಕೊಡುತ್ತಾರೆ. ಹೀಗಿರುವಲ್ಲಿ ಆ ಅಂಕಿ ಏನನ್ನು ಎಣಿಸುತ್ತದೆ, ಯಾರು ಎಣಿಸುತ್ತಾರೆ, ಎಣಿಕೆಗೆ ಹೊಣೆ ಯಾರು ಎಂಬ ವಿಚಾರಣೆಯನ್ನು ತಂತ್ರಜ್ಞರಿಗೇ ಬಿಟ್ಟುಕೊಡುವಂತಿಲ್ಲ. ಅದು ವ್ಯಾಪಾರನೀತಿಯ ವಿಷಯ.

ಸರಳವಾಗಿ ಹೇಳುವುದಾದರೆ, ಒಂದೇ ಕಿರ್ದಿಯ ಪ್ರತಿಗಳು ಏಕಕಾಲದಲ್ಲಿ ಅನೇಕ ಕಂಪ್ಯೂಟರುಗಳಲ್ಲಿ ಇರುವ ವ್ಯವಸ್ಥೆಗೆ ಬ್ಲಾಕ್‌ಚೈನ್ ಎಂದು ಹೆಸರು. ಅಡತಿ ಅಂಗಡಿಯ ಕಿರ್ದಿಯನ್ನು ಅಂಗಡಿಯ ಯಜಮಾನ ಒಬ್ಬನೇ ಇಟ್ಟುಕೊಳ್ಳುತ್ತಾನೆ, ಇಲ್ಲಿ ಹಾಗಿಲ್ಲ. ಹೊಸ ನಮೂದುಗಳನ್ನು ಒಂದು ಪುಟಕ್ಕೆ ಸೇರಿಸಿ, ಆ ಪುಟದೊಳಗೆ ಹಿಂದಿನ ಪುಟದ ಗಣಿತಮುದ್ರೆಯನ್ನು ಬರೆಯಲಾಗುತ್ತದೆ. ಯಾರಾದರೂ ಹಳೆಯ ನಮೂದನ್ನು ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಪುಟಗಳ ಮುದ್ರೆಯೂ ತಾಳೆಯಾಗದೆ ಮೋಸ ಬಯಲಾಗುತ್ತದೆ. ಸತೋಶಿ ನಕಾಮೊಟೊ ಎಂಬ ಗುಪ್ತನಾಮದಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ ಪ್ರಬಂಧವು ಈ ಪದ್ಧತಿಯನ್ನು ಹಣದ ವ್ಯವಹಾರಕ್ಕೆ ಅನ್ವಯಿಸಿತು. 2009ರ ಜನವರಿ 3ರ ತಾರೀಖನ್ನು ಹೊತ್ತ ಪುಟವೇ ಬಿಟ್‌ಕಾಯಿನ್ ಕಿರ್ದಿಯ ಮೊದಲ ಪುಟ. ಹಣದ ವರ್ಗಾವಣೆಯ ಜೊತೆಗೆ ಕರಾರುಗಳನ್ನೂ ತಾನೇ ನೆರವೇರಿಸಬಲ್ಲ ಇಥೀರಿಯಮ್ ಜಾಲ 2015ರ ಜುಲೈ 30ರಂದು ಆರಂಭವಾಯಿತು. ಶಿಲಾಶಾಸನದಂತೆ ಇದೂ ಅಳಿಸಲಾಗದ ಬರಹವೆಂದು ಸಮರ್ಥಕರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಬರಹ ಅಳಿಯದೆ ಉಳಿದ ಮಾತ್ರಕ್ಕೆ ಅದರ ಅರ್ಥವೂ ಉಳಿದೀತೆಂದು ಹೇಳುವಂತಿಲ್ಲ.

ಇದಕ್ಕೆ ಕನ್ನಡ ಶಾಸನಗಳಲ್ಲೇ ನಿದರ್ಶನವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಬಸದಿಗಳ ಜೀರ್ಣೋದ್ಧಾರ ಮಾಡಿಸಿ ಗಂಗವಾಡಿ ತೊಂಬತ್ತಾರು ಸಾವಿರವನ್ನು ಕೊಪಣದಂತೆ ಬೆಳಗಿಸಿದನೆಂದು ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಶಾಸನಗಳು ಹೊಗಳುತ್ತವೆ. ಕೊಪಣ, ಅಂದರೆ ಇಂದಿನ ಕೊಪ್ಪಳ, ತೀರ್ಥಗಳ ಹಿರಿಮೆಯನ್ನು ಅಳೆಯುವ ಮಾನದಂಡವೇ ಆಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ 96,000 ಎಂಬುದು ಯಾವುದರ ಎಣಿಕೆ? ಹಳ್ಳಿಗಳದ್ದೇ, ಕಂದಾಯದ್ದೇ, ಬೇರೆ ಯಾವುದರದ್ದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬನವಾಸಿ ಹನ್ನೆರಡು ಸಾವಿರದ ಕಥೆಯೂ ಹೀಗೆಯೇ. ಕಲ್ಲಿನ ಅಕ್ಷರ ಮಾಸಿಲ್ಲ, ಸಂಖ್ಯೆ ತಪ್ಪಿಲ್ಲ. ಏಕಮಾನ ಮಾತ್ರ ಮರೆಯಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳ ಬಳಿಯಿರುವ ಪುಟ್ಟ ಶಾಸನವನ್ನು ಗಮನಿಸಬಹುದು. ಪಾದಗಳು ಯಾರವು, ಮಾಡಿಸಿದವನು ಯಾರು ಎಂಬೆರಡೇ ಸಂಗತಿಗಳು ಅಲ್ಲಿವೆ. ಮಾಡಿಸಿದವನು ಚಾವಯ್ಯ. ಸಂಖ್ಯೆಯೇ ಇಲ್ಲದ ಆ ಬರಹದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಬ್ಲಾಕ್‌ಚೈನ್ ಜಾಲಗಳ ಬೆಳವಣಿಗೆಯ ವರದಿಗಳು ಈ ಎರಡರಲ್ಲಿ ಯಾವ ಜಾತಿಗೆ ಸೇರಿದವು ಎಂಬುದೇ ಇಲ್ಲಿನ ಪ್ರಶ್ನೆ.

ಆ ವರದಿಗಳಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳು ಕಾಣುತ್ತವೆ. ಮೊದಲನೆಯದು ಒಂದು ದಿನದಲ್ಲಿ ಚಟುವಟಿಕೆ ತೋರಿದ ವಿಳಾಸಗಳ ಸಂಖ್ಯೆ. ಎರಡನೆಯದು ವ್ಯವಹಾರಗಳ ಸಂಖ್ಯೆ ಮತ್ತು ಮೊತ್ತ. ಮೂರನೆಯದು ಜಾಲದ ಕರಾರುಗಳಲ್ಲಿ ಇರಿಸಲಾದ ಒಟ್ಟು ಠೇವಣಿಯ ಮೌಲ್ಯ. ಮೂರನ್ನೂ ಕಿರ್ದಿಯಿಂದಲೇ ಯಾರು ಬೇಕಾದರೂ ಎಣಿಸಿ ತೆಗೆಯಬಹುದು. ಆದ್ದರಿಂದಲೇ ಇವುಗಳಿಗೆ ವಿಶ್ವಾಸಾರ್ಹತೆಯ ಮುದ್ರೆ ಬಿದ್ದಿದೆ. ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದಾಗ ಮಾತ್ರ ಅವುಗಳ ಇತಿಮಿತಿ ಗೋಚರವಾಗುತ್ತದೆ.

ವಿಳಾಸವೆಂದರೆ ಮನುಷ್ಯನಲ್ಲ. ಅದು ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಅದನ್ನು ಸೃಷ್ಟಿಸಲು ಗುರುತಿನ ಚೀಟಿ ಬೇಡ, ಹಣ ಬೇಡ; ಒಬ್ಬ ವ್ಯಕ್ತಿ ಒಂದು ಮಧ್ಯಾಹ್ನದಲ್ಲಿ ಸಾವಿರಾರು ವಿಳಾಸಗಳನ್ನು ಮಾಡಿಕೊಳ್ಳಬಹುದು. ಇದು ಮೂಲ ವಿನ್ಯಾಸದಲ್ಲೇ ಇರುವ ಗುಣ. ವ್ಯವಹಾರಗಳ ಹಿಂದೆ ಒಬ್ಬನೇ ಇದ್ದಾನೆಂದು ಇತರರಿಗೆ ತಿಳಿಯದಿರಲೆಂದು ಪ್ರತಿ ವ್ಯವಹಾರಕ್ಕೂ ಹೊಸ ಕೀಲಿಯನ್ನು ಬಳಸುವಂತೆ 2008ರ ಪ್ರಬಂಧವೇ ಸಲಹೆ ನೀಡಿದೆ. ಐದುನೂರರ ನೋಟು ಕೊಟ್ಟು ಮುನ್ನೂರರ ಸಾಮಾನು ಕೊಂಡಾಗ ಚಿಲ್ಲರೆ ಬರುವಂತೆ ಬಿಟ್‌ಕಾಯಿನ್ನಿನಲ್ಲಿಯೂ ಚಿಲ್ಲರೆ ಮರಳುತ್ತದೆ. ಅದು ಬಹುಮಟ್ಟಿಗೆ ಕೊಟ್ಟವನದೇ ಆದ ಹೊಸ ವಿಳಾಸಕ್ಕೆ ಸೇರುತ್ತದೆ. ಹೀಗೆ ಒಬ್ಬನೇ ಗಿರಾಕಿ ಅಂಗಡಿಗೆ ಬಂದುಹೋದಂತೆಲ್ಲ ಲೆಕ್ಕದಲ್ಲಿ ಹೊಸ ಹೊಸ ಗಿರಾಕಿಗಳು ಹುಟ್ಟುತ್ತಾರೆ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಕ್ರಿಪ್ಟೊ ವಿನಿಮಯ ಕೇಂದ್ರಗಳಲ್ಲಿ ಸಾವಿರಾರು ಗ್ರಾಹಕರ ಆಸ್ತಿ ಕೆಲವೇ ವಿಳಾಸಗಳಡಿ ಸೇರಿಕೊಂಡಿರುತ್ತದೆ. ಅಲ್ಲಿ ಬಹಳ ಮಂದಿ ಒಬ್ಬರಾಗಿ ಕಾಣುತ್ತಾರೆ. ಹೆಚ್ಚಿಸುವ ದೋಷ, ಕುಗ್ಗಿಸುವ ದೋಷ ಎರಡೂ ಇರುವ ಅಳತೆಯಲ್ಲಿ ಒಂದು ಇನ್ನೊಂದನ್ನು ಸರಿದೂಗಿಸೀತೆಂದು ನಂಬಲು ಕಾರಣವಿಲ್ಲ. ಒಬ್ಬನೇ ಅನೇಕ ವೇಷಗಳಲ್ಲಿ ಜಾಲವನ್ನು ಪ್ರವೇಶಿಸುವ ಈ ತೊಡಕನ್ನು ಜಾನ್ ಡೌಸರ್ ಎಂಬ ವಿಜ್ಞಾನಿ 2002ರಲ್ಲೇ, ಅಂದರೆ ಬಿಟ್‌ಕಾಯಿನ್ ಹುಟ್ಟುವುದಕ್ಕೆ ಮುನ್ನವೇ, ವಿವರಿಸಿದ್ದರು. ಗುರುತನ್ನು ಖಚಿತಪಡಿಸುವ ಕೇಂದ್ರವೊಂದು ಇಲ್ಲದ ಜಾಲದಲ್ಲಿ ಇದನ್ನು ಪೂರ್ಣವಾಗಿ ತಡೆಯುವುದು ಪ್ರಾಯೋಗಿಕವಾಗಿ ಸಾಧ್ಯವಿಲ್ಲವೆಂಬುದು ಅವರ ನಿರ್ಣಯ.

ವ್ಯವಹಾರಗಳ ಸಂಖ್ಯೆಯ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ. 2020ರಲ್ಲಿ ಆರಂಭವಾದ ಸೊಲಾನ ಜಾಲದಲ್ಲಿ ಕಿರ್ದಿಯನ್ನು ದೃಢೀಕರಿಸುವ ಕಂಪ್ಯೂಟರುಗಳು ಪರಸ್ಪರ ಕಳುಹಿಸುವ ಮತಗಳೂ ವ್ಯವಹಾರಗಳಾಗಿಯೇ ದಾಖಲಾಗುತ್ತಿದ್ದವು. ಬಿಡಿಸಿ ನೋಡದವರಿಗೆ ಅವೆಲ್ಲವೂ ಜನರ ಬಳಕೆಯಂತೆ ತೋರುತ್ತಿದ್ದವು. ಗಿರಣಿಯ ಯಂತ್ರ ತಿರುಗಿದ ಸುತ್ತುಗಳನ್ನೆಲ್ಲ ಎಣಿಸಿ ಅಷ್ಟು ಚೀಲ ಅಕ್ಕಿ ಹೊರಬಂತೆಂದು ಹೇಳಿದರೆ ಗಂಗಾವತಿಯ ಯಾವ ವ್ಯಾಪಾರಿಯೂ ಒಪ್ಪಲಾರ. ಶುಲ್ಕ ಕೆಲವೇ ಪೈಸೆಗಳಿಗೆ ಇಳಿದ ಜಾಲಗಳಲ್ಲಂತೂ ಯಂತ್ರಗಳೇ ದಿನವಿಡೀ ಕೊಡುವ ಮತ್ತು ಕೊಳ್ಳುವ ಕೆಲಸವನ್ನು ನಡೆಸಬಲ್ಲವು. ಕೊಡುವವನೂ ಕೊಳ್ಳುವವನೂ ಒಬ್ಬನೇ ಆಗಿರುವ ತೋರಿಕೆಯ ವ್ಯಾಪಾರವೂ ಈ ಲೆಕ್ಕದಲ್ಲಿ ಸೇರುತ್ತದೆ. ವಿನಿಮಯ ಕೇಂದ್ರಗಳು ತಾವೇ ಪ್ರಕಟಿಸುವ ಅಂಕಿಗಳಲ್ಲಿ ಈ ರೋಗ ಎಷ್ಟು ಬೆಳೆದಿತ್ತೆಂಬುದಕ್ಕೆ ಅಮೆರಿಕದ ಬಿಟ್‌ವೈಸ್ ಸಂಸ್ಥೆ 2019ರ ಮಾರ್ಚ್‌ನಲ್ಲಿ ಆ ದೇಶದ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ ಸಲ್ಲಿಸಿದ ವರದಿ ಸಾಕ್ಷಿ. ಬಿಟ್‌ಕಾಯಿನ್ ವಹಿವಾಟೆಂದು ಪ್ರಕಟವಾಗುತ್ತಿದ್ದ ಮೊತ್ತದಲ್ಲಿ ಸುಮಾರು ಶೇಕಡಾ 95 ಭಾಗ ಸುಳ್ಳು ಅಥವಾ ಆರ್ಥಿಕ ಅರ್ಥವಿಲ್ಲದ್ದು ಎಂದು ಅದು ಹೇಳಿತು. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇಕಡಾ 30ರ ತೆರಿಗೆಯೂ, ಜುಲೈ 1ರಿಂದ ಪ್ರತಿ ಮಾರಾಟದ ಮೇಲೆ ಶೇಕಡಾ 1ರ ಮೂಲದಲ್ಲಿನ ಕಡಿತವೂ ಜಾರಿಗೆ ಬಂದಾಗ ದೇಶದ ವಿನಿಮಯ ಕೇಂದ್ರಗಳ ವಹಿವಾಟು ತೀವ್ರವಾಗಿ ಕುಸಿಯಿತು. ಒಂದಷ್ಟು ವ್ಯಾಪಾರ ಹೊರದೇಶದ ಕೇಂದ್ರಗಳಿಗೆ ಸರಿಯಿತು. ಮಾರಿದಾಗಲೆಲ್ಲ ರೂಪಾಯಿಗೆ ಒಂದು ಪೈಸೆ ಹಿಡಿದಿಡಬೇಕಾಗಿ ಬಂದಾಗ ನಿಂತುಹೋಗುವ ವ್ಯಾಪಾರವನ್ನು ಜನರ ಅಗತ್ಯದ ಅಳತೆಯೆಂದು ಕರೆಯುವುದು ಕಷ್ಟ.

ಮೂರನೆಯ ಅಳತೆಯಾದ ಠೇವಣಿಯ ಮೊತ್ತವನ್ನು ಭತ್ತದ ಉದಾಹರಣೆಯಿಂದ ತಿಳಿಯಬಹುದು. ಒಬ್ಬ ರೈತ ನೂರು ಚೀಲ ಭತ್ತವನ್ನು ಉಗ್ರಾಣದಲ್ಲಿಟ್ಟು ರಸೀದಿ ಪಡೆಯುತ್ತಾನೆ. ಆ ರಸೀದಿಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ತರುತ್ತಾನೆ. ಉಗ್ರಾಣದಲ್ಲಿ ನೂರು ಚೀಲ, ಬ್ಯಾಂಕಿನಲ್ಲಿ ನೂರು ಚೀಲ, ಒಟ್ಟು ಇನ್ನೂರು ಚೀಲವೆಂದು ಯಾರಾದರೂ ಬರೆದರೆ ಅದು ನಗೆಪಾಟಲಾದೀತು. ಆದರೆ ಜಾಲಗಳ ಠೇವಣಿ ಲೆಕ್ಕದಲ್ಲಿ ಇಂಥದೇ ಎಣಿಕೆ ನಡೆದಿದೆ. ಸೊಲಾನ ಜಾಲದಲ್ಲಿ ಒಬ್ಬನೇ ತಂತ್ರಜ್ಞ ಹನ್ನೊಂದು ಕಲ್ಪಿತ ಹೆಸರುಗಳಲ್ಲಿ ಒಂದರ ಮೇಲೊಂದು ಯೋಜನೆಗಳನ್ನು ಕಟ್ಟಿ, ಒಂದೇ ಠೇವಣಿ ಅವೆಲ್ಲದರಲ್ಲೂ ಮತ್ತೆ ಮತ್ತೆ ಎಣಿಕೆಯಾಗುವಂತೆ ಮಾಡಿದ್ದನ್ನು ಕಾಯಿನ್‌ಡೆಸ್ಕ್ ಪತ್ರಿಕೆ 2022ರ ಆಗಸ್ಟ್‌ನಲ್ಲಿ ಬಯಲಿಗೆಳೆಯಿತು. ಆ ಜಾಲದ ಒಟ್ಟು ಠೇವಣಿ 1,050 ಕೋಟಿ ಡಾಲರೆಂದು ತೋರುತ್ತಿದ್ದ ಕಾಲದಲ್ಲಿ ಅದರ 750 ಕೋಟಿ ಈ ಯೋಜನೆಗಳ ಹೆಸರಿನಲ್ಲಿತ್ತು. ಕಿರ್ದಿಯ ಒಂದು ನಮೂದೂ ಸುಳ್ಳಾಗಿರಲಿಲ್ಲ. ಸುಳ್ಳಾದದ್ದು ಮೊತ್ತ.

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಿದರೆ ಉತ್ತರ ಬಹುಮಾನದಲ್ಲಿದೆ. ಯೂನಿಸ್ವಾಪ್ ಎಂಬ ವಿನಿಮಯ ಯೋಜನೆ 2020ರ ಸೆಪ್ಟೆಂಬರ್‌ನಲ್ಲಿ ತನ್ನನ್ನು ಹಿಂದೆ ಬಳಸಿದ್ದ ಪ್ರತಿ ವಿಳಾಸಕ್ಕೂ ತನ್ನ 400 ಟೋಕನ್ನುಗಳನ್ನು ಉಚಿತವಾಗಿ ಹಂಚಿತು. ಬಹುಮಾನ ಮನುಷ್ಯನಿಗೆಂದು ಹೊರಟರೂ ಸೇರಿದ್ದು ವಿಳಾಸಕ್ಕೆ. ಹತ್ತು ವಿಳಾಸ ಬಳಸಿದ್ದವನಿಗೆ ಹತ್ತು ಪಾಲು ದೊರೆಯಿತು. ಮುಂದೆ ಇಂಥ ಹಂಚಿಕೆಗಳು ಬರುವುವೆಂಬ ನಿರೀಕ್ಷೆ ಹಬ್ಬಿದಾಗ ವಿಳಾಸಗಳ ಬೇಸಾಯವೇ ಒಂದು ಕಸುಬಾಯಿತು. ಸಾವಿರಾರು ವಿಳಾಸ ಬಿತ್ತುವುದು, ಪ್ರತಿಯೊಂದರಿಂದಲೂ ವಾರಕ್ಕೆರಡು ವ್ಯವಹಾರ ಮಾಡಿಸುವುದು, ಹಂಚಿಕೆಯ ದಿನ ಫಸಲು ಕೊಯ್ದು ಹೊರಡುವುದು. ಜಾಲದ ಸ್ಥಾಪಕರಿಗೂ ಇದರಿಂದ ತತ್ಕಾಲದ ಲಾಭವುಂಟು. ಬೆಳವಣಿಗೆಯ ರೇಖೆ ಏರುತ್ತದೆ, ಬಂಡವಾಳಗಾರರು ಬರುತ್ತಾರೆ. ಅಳತೆಯನ್ನೇ ಗುರಿಯನ್ನಾಗಿ ಮಾಡಿಕೊಂಡರೆ ಅದು ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಂಬ ತತ್ತ್ವಕ್ಕೆ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರನ್ನಿಡಲಾಗಿದೆ. ಅವರು ಅದರ ಮೂಲ ವಿಚಾರವನ್ನು 1975ರಲ್ಲಿ ಮಂಡಿಸಿದ್ದು ಹಣಕಾಸು ನೀತಿಯ ಸಂದರ್ಭದಲ್ಲಿ. ವಿಳಾಸಗಳ ಎಣಿಕೆಯಷ್ಟು ಸ್ಪಷ್ಟವಾದ ಉದಾಹರಣೆ ಅದಕ್ಕೆ ಬೇರೊಂದು ದೊರೆಯಲಾರದು.

ಈ ಮಾತುಗಳು ಹೊರದೇಶದ ಖಾಸಗಿ ಜಾಲಗಳಿಗೆ ಮಾತ್ರ ಸಂಬಂಧಿಸಿದವೆಂದು ತಿಳಿಯಬಾರದು. ಬ್ಲಾಕ್‌ಚೈನ್ ಮತ್ತು ಇತರ ತಂತ್ರಜ್ಞಾನಗಳನ್ನು ಬಳಸಿ ರಿಸರ್ವ್ ಬ್ಯಾಂಕ್ ಡಿಜಿಟಲ್ ರೂಪಾಯಿಯನ್ನು ಹೊರತರುವುದೆಂದು 2022ರ ಫೆಬ್ರವರಿ 1ರ ಮುಂಗಡಪತ್ರ ಭಾಷಣದಲ್ಲಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಸಾಮಾನ್ಯ ಜನರ ಬಳಕೆಗಾಗಿ ಅದರ ಪ್ರಯೋಗ 2022ರ ಡಿಸೆಂಬರ್ 1ರಂದು ಮುಂಬಯಿ, ಹೊಸದಿಲ್ಲಿ, ಬೆಂಗಳೂರು ಮತ್ತು ಭುವನೇಶ್ವರಗಳಲ್ಲಿ ಆರಂಭವಾಯಿತು. 2023ರ ಅಂತ್ಯದೊಳಗೆ ದಿನಕ್ಕೆ 10 ಲಕ್ಷ ವ್ಯವಹಾರಗಳನ್ನು ಮುಟ್ಟಬೇಕೆಂಬ ಗುರಿಯನ್ನು ರಿಸರ್ವ್ ಬ್ಯಾಂಕ್ ಹೇಳಿತ್ತು. ಡಿಸೆಂಬರ್ ಕೊನೆಯಲ್ಲಿ ಆ ಸಂಖ್ಯೆ ಮುಟ್ಟಿತು. ಆದರೆ ಕೆಲವು ಬ್ಯಾಂಕುಗಳು ತಮ್ಮ ನೌಕರರ ಭತ್ಯೆಗಳ ಒಂದು ಭಾಗವನ್ನು ಡಿಜಿಟಲ್ ರೂಪಾಯಿಯಲ್ಲಿ ಕೊಟ್ಟದ್ದು ಈ ಏರಿಕೆಗೆ ನೆರವಾಯಿತೆಂದು ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. 2024ರ ಜೂನ್ ಹೊತ್ತಿಗೆ ದಿನದ ವ್ಯವಹಾರ ಸುಮಾರು 1 ಲಕ್ಷಕ್ಕೆ ಇಳಿದಿತ್ತೆಂದು ಅದೇ ಸಂಸ್ಥೆ ತಿಳಿಸಿತು. ಪ್ರೇರಣೆ ಹೋದೊಡನೆ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. ಅದೇ 2023ರ ಡಿಸೆಂಬರ್ ತಿಂಗಳಲ್ಲಿ ಯುಪಿಐ ಮೂಲಕ 1,202 ಕೋಟಿ ವ್ಯವಹಾರಗಳು ನಡೆದವು. ಅಂದರೆ ದಿನಕ್ಕೆ ಸರಾಸರಿ 38 ಕೋಟಿಗೂ ಮಿಗಿಲು. ಕೊಪ್ಪಳದ ಸಂತೆಯಲ್ಲಿ ಕಾಯಿಪಲ್ಲೆ ಮಾರುವವರ ಮುಂದೆ ಯುಪಿಐ ಚೌಕಳಿಯ ಚೀಟಿ ಇದೆ. ಅದನ್ನು ಅಲ್ಲಿಗೆ ತಂದದ್ದು ದಿನದಿನದ ಅಗತ್ಯ.

ಡಿಜಿಟಲ್ ರೂಪಾಯಿಯ ಇನ್ನೊಂದು ಲೆಕ್ಕ ಬೇರೆಯದೇ ಕಥೆಯನ್ನು ಹೇಳುತ್ತದೆ. ಚಲಾವಣೆಯಲ್ಲಿದ್ದ ಅದರ ಮೊತ್ತ 2023ರ ಮಾರ್ಚ್ ಅಂತ್ಯಕ್ಕೆ ಸುಮಾರು 16 ಕೋಟಿ ರೂಪಾಯಿ, 2024ರ ಮಾರ್ಚ್ ಅಂತ್ಯಕ್ಕೆ 234 ಕೋಟಿ, 2025ರ ಮಾರ್ಚ್ ಅಂತ್ಯಕ್ಕೆ 1,016 ಕೋಟಿ. ಎರಡು ವರ್ಷಗಳಲ್ಲಿ ಅರವತ್ತು ಪಟ್ಟಿಗೂ ಹೆಚ್ಚಿನ ಬೆಳವಣಿಗೆ ಎಂದು ಇದನ್ನು ಹೇಳಬಹುದು. ಅದೇ ದಿನ ಚಲಾವಣೆಯಲ್ಲಿದ್ದ ಕಾಗದದ ನೋಟುಗಳ ಮೊತ್ತ 36 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅದಕ್ಕೆ ಹೋಲಿಸಿದರೆ ನೂರು ರೂಪಾಯಿ ನೋಟಿಗೆ ಮೂರು ಪೈಸೆಗೂ ಕಡಿಮೆ ಎಂದೂ ಹೇಳಬಹುದು. ಎರಡೂ ನಿಜ. ಮೊದಲನೆಯದನ್ನು ಮಾತ್ರ ಹೇಳಿದವನು ಸುಳ್ಳು ಹೇಳಿದಂತಾಗುವುದಿಲ್ಲ, ಸತ್ಯ ಹೇಳಿದಂತೆಯೂ ಆಗುವುದಿಲ್ಲ. ಇಲ್ಲಿ ಲೆಕ್ಕ ಪ್ರಕಟಿಸುವುದು ಒಂದು ಸಾರ್ವಜನಿಕ ಸಂಸ್ಥೆ. ಎರಡು ಮೊತ್ತಗಳೂ ಅದರ ವಾರ್ಷಿಕ ವರದಿಯಲ್ಲಿರುವುದರಿಂದ ಓದುಗ ತಾನೇ ತಾಳೆ ನೋಡಬಹುದು. ತನ್ನ ಟೋಕನ್ನಿನ ಬೆಲೆ ಏರಬೇಕೆಂದು ಬಯಸುವ ಖಾಸಗಿ ಜಾಲದ ವರದಿಯಲ್ಲಿ ಈ ಎರಡನೆಯ ಸಾಲನ್ನು ಬರೆಯುವವರು ಯಾರು?

ಈ ಜಾಲಗಳ ಪರವಾಗಿ ಹೇಳಬೇಕಾದ ಮಾತೂ ಉಂಟು. ಸಾಮಾನ್ಯ ಕಂಪನಿಯೊಂದು ತನಗೆ ಇಷ್ಟು ಗ್ರಾಹಕರಿದ್ದಾರೆಂದು ಹೇಳಿದರೆ ಹೊರಗಿನವರು ಅದನ್ನು ಪರೀಕ್ಷಿಸಲಾರರು. ಅದರ ಪುಸ್ತಕ ಅದರ ಕಪಾಟಿನಲ್ಲಿರುತ್ತದೆ. ಸಾರ್ವಜನಿಕ ಬ್ಲಾಕ್‌ಚೈನ್ ಕಿರ್ದಿ ಎಲ್ಲರಿಗೂ ತೆರೆದಿರುತ್ತದೆ. ವಿಳಾಸಗಳ ಬೇಸಾಯವನ್ನೂ ತೋರಿಕೆಯ ವ್ಯಾಪಾರವನ್ನೂ ಹೊರಗಿನ ಸಂಶೋಧಕರು ಪತ್ತೆಹಚ್ಚಲು ಸಾಧ್ಯವಾದದ್ದು ಈ ಮುಕ್ತತೆಯಿಂದಲೇ. 2023ರ ಮಾರ್ಚ್‌ನಲ್ಲಿ ತನ್ನ ಟೋಕನ್ ಹಂಚಿದ ಆರ್ಬಿಟ್ರಮ್ ಜಾಲದಂಥವು ಹಂಚಿಕೆಗೆ ಮುನ್ನ ಒಬ್ಬನೇ ನಡೆಸುವ ವಿಳಾಸಗಳ ಗುಂಪುಗಳನ್ನು ಗುರುತಿಸಿ ಹೊರಗಿಡುವ ಪ್ರಯತ್ನ ಮಾಡಿವೆ. ಯಂತ್ರ ನಡೆಸುವ ವ್ಯವಹಾರವೆಲ್ಲ ಮೋಸವೆಂದೂ ಹೇಳಲಾಗದು; ಬೇರೆ ಬೇರೆ ಪೇಟೆಗಳ ಬೆಲೆಯನ್ನು ಸರಿದೂಗಿಸುವ ಯಂತ್ರ ವ್ಯಾಪಾರಿಯೂ ಉಪಯುಕ್ತ ಕೆಲಸವನ್ನೇ ಮಾಡುತ್ತಾನೆ. ಇವೆಲ್ಲ ಒಪ್ಪತಕ್ಕ ಮಾತುಗಳು. ಆದರೆ ತೆರೆದ ಪುಸ್ತಕ ಪರೀಕ್ಷೆಗೆ ಅವಕಾಶ ಮಾತ್ರ ಕೊಡುತ್ತದೆ. ಪರೀಕ್ಷೆಯನ್ನು ತಾನೇ ಮಾಡುವುದಿಲ್ಲ. ಮೊಬೈಲಿನಲ್ಲಿ ಒಂದು ಏರುಗೆರೆಯನ್ನು ನೋಡಿ ನಿರ್ಧರಿಸುವ ಕುಟುಂಬಕ್ಕೆ ಕಿರ್ದಿಯನ್ನು ಓದುವ ಬಿಡುವೂ ಇಲ್ಲ, ವಿದ್ಯೆಯೂ ಇಲ್ಲ. ಮುಕ್ತತೆಯ ಗೌರವವನ್ನು ತಾನು ಪಡೆದು ಪರೀಕ್ಷೆಯ ಭಾರವನ್ನು ಕೊಳ್ಳುವವನ ಮೇಲೆ ಹೊರಿಸುವುದು ನ್ಯಾಯವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೆಸರಿಸಲಾಗಿದೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು: ಕೊಡುವಾಗ ಕಿರಿದು, ಕೊಳ್ಳುವಾಗ ಹಿರಿದು ಆಗುವ ಅಳತೆ ಮತ್ತು ತೂಕಗಳನ್ನು ಬಳಸುವುದು. ಪ್ರತಿರೂಪಕವ್ಯವಹಾರ ಇನ್ನೊಂದು: ಅಸಲಿನಂತೆ ತೋರುವ ನಕಲನ್ನು ಚಲಾಯಿಸುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಸೇರಿದೆ. ಆಚಾರ್ಯರು ತಪ್ಪು ಅಳತೆಯನ್ನು ಸುಳ್ಳಿನ ಪ್ರಕರಣದಲ್ಲಿ ಸೇರಿಸದೆ ಕಳ್ಳತನದ ಪ್ರಕರಣದಲ್ಲಿ ಇರಿಸಿರುವುದು ಮನನೀಯ. ಪ್ರಸ್ತುತ ವಿಷಯಕ್ಕೆ ಆ ವಿಂಗಡಣೆ ನಿಖರವಾಗಿ ಹೊಂದುತ್ತದೆ. ಬ್ಲಾಕ್‌ಚೈನ್ ಸುಳ್ಳು ಬರಹವನ್ನು ಬಹುಮಟ್ಟಿಗೆ ತಡೆದಿದೆ. ಅದು ನಿಜವಾದ ಸಾಧನೆ. ಆದರೆ ಸರಿಯಾದ ಬರಹವನ್ನೇ ಇಟ್ಟುಕೊಂಡು ತಪ್ಪು ಕೊಳಗದಿಂದ ಅಳೆಯುವುದನ್ನು ಅದು ತಡೆಯಲಾರದು. ಒಬ್ಬನನ್ನು ಸಾವಿರವಾಗಿ ತೋರಿಸುವ ಎಣಿಕೆ ಹಿರಿದಾದ ಮಾನ. ಯಂತ್ರವನ್ನು ಬಳಕೆದಾರನಂತೆ ತೋರಿಸುವುದು ಪ್ರತಿರೂಪಕ. ಅಂಥ ಅಂಕಿಯನ್ನು ನಂಬಿ ಕೊಟ್ಟ ಹಣ ದಾನವೂ ಅಲ್ಲ, ನ್ಯಾಯವಾದ ಬೆಲೆಯೂ ಅಲ್ಲ. ಅದು ತಿಳಿಯದಂತೆ ತೆಗೆದುಕೊಂಡ ಹಣ.

ಲೌಕಿಕ ಕಾನೂನಿನಲ್ಲಿಯೂ ಇದಕ್ಕೆ ಸಮಾನವಾದ ವ್ಯವಸ್ಥೆ ಅಂಗಡಿಗಳ ಮಟ್ಟಿಗೆ ಇದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ಕುಷ್ಟಗಿಯ ಕಿರಾಣಿ ವ್ಯಾಪಾರಿಯೂ ತನ್ನ ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷೆಗೊಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕು. ಕೋಟ್ಯಂತರ ರೂಪಾಯಿ ಸೆಳೆಯುವ ಬಳಕೆದಾರರ ಎಣಿಕೆಗೆ ಅಂಥ ಮುದ್ರೆ ಇಲ್ಲ. ಹಾಗೆಂದು ಒಳ್ಳೆಯ ಅಳತೆಗಳು ಇಲ್ಲವೆಂದಲ್ಲ. ಬಳಸಿದವರು ತಮ್ಮ ಜೇಬಿನಿಂದ ಕೊಟ್ಟ ಶುಲ್ಕದ ಮೊತ್ತ ವಿಳಾಸಗಳ ಸಂಖ್ಯೆಗಿಂತ ಮೇಲು. ಏಕೆಂದರೆ ಸುಳ್ಳು ಬಳಕೆಗೂ ನಿಜವಾದ ಹಣ ತೆರಬೇಕಾಗುತ್ತದೆ. ಒಂದು ತಿಂಗಳಲ್ಲಿ ಮೊದಲ ಸಲ ಬಂದವರಲ್ಲಿ ಆರು ತಿಂಗಳ ಬಳಿಕವೂ ಎಷ್ಟು ಮಂದಿ ಉಳಿದರೆಂಬ ಲೆಕ್ಕ ಇನ್ನೂ ಮೇಲು. ಬಹುಮಾನದ ಹಂಚಿಕೆ ಮುಗಿದ ಮೇಲಿನ ಚಟುವಟಿಕೆಯನ್ನು ಹಂಚಿಕೆಗೆ ಮುನ್ನಿನದರೊಡನೆ ಹೋಲಿಸುವುದು ಎಲ್ಲಕ್ಕಿಂತ ಸರಳವಾದ ಪರೀಕ್ಷೆ. ಈ ಎಲ್ಲ ಅಳತೆಗಳ ಹಿಂದಿರುವ ತತ್ತ್ವ ಒಂದೇ: ಪ್ರೇರಣೆಯನ್ನು ಹಿಂತೆಗೆದುಕೊಂಡ ಮೇಲೆ ಏನು ಉಳಿಯುತ್ತದೋ ಅದೇ ಬಳಕೆ.

ಕುಟುಂಬಗಳ ಮಟ್ಟಿಗೆ ಹೇಳುವುದಾದರೆ, ಬಳಕೆದಾರರ ದೊಡ್ಡ ಸಂಖ್ಯೆ ಸುರಕ್ಷಿತತೆಯ ಪ್ರಮಾಣವೂ ಅಲ್ಲವೆಂಬುದನ್ನು 2024ರ ಘಟನೆ ತೋರಿಸಿದೆ. ಒಂದು ಕೋಟಿಗೂ ಹೆಚ್ಚು ನೋಂದಾಯಿತ ಬಳಕೆದಾರರಿದ್ದಾರೆಂದು ಹೇಳಿಕೊಂಡಿದ್ದ ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾಯಿತು. ಗ್ರಾಹಕರು ತಮ್ಮ ಕ್ರಿಪ್ಟೊವನ್ನು ಹಿಂಪಡೆಯುವುದು ದೀರ್ಘಕಾಲ ಸ್ಥಗಿತಗೊಂಡಿತು. ನೋಂದಾಯಿತರ ಸಂಖ್ಯೆ ಆ ಗ್ರಾಹಕರಿಗೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಆದ್ದರಿಂದ ಮನೆಯ ಮಕ್ಕಳು ಬೆಳವಣಿಗೆಯ ಅಂಕಿಯೊಂದನ್ನು ಮುಂದಿಟ್ಟಾಗ ಹಿರಿಯರು ತಮಗೆ ತಂತ್ರಜ್ಞಾನ ತಿಳಿಯದೆಂದು ಸುಮ್ಮನಿರಬೇಕಾಗಿಲ್ಲ. ಎಣಿಸಿದ್ದು ಮನುಷ್ಯರನ್ನೇ, ವಿಳಾಸಗಳನ್ನೇ? ಎಣಿಸಿದವರಿಗೆ ಆ ಸಂಖ್ಯೆ ಹೆಚ್ಚುವುದರಿಂದ ಲಾಭವುಂಟೇ? ಬಳಸುವವರಿಗೆ ಬಹುಮಾನ ಕೊಡಲಾಗುತ್ತಿದೆಯೇ? ಅದು ನಿಂತ ಮೇಲೆ ಎಷ್ಟು ಮಂದಿ ಉಳಿದರು? ಈ ನಾಲ್ಕು ಪ್ರಶ್ನೆಗಳು ಅಡತಿ ವ್ಯಾಪಾರ ಬಲ್ಲ ಯಾವ ಮನೆಗೂ ಹೊಸವಲ್ಲ. ಉತ್ತರ ಬಾರದಿದ್ದರೆ ಹಣವನ್ನು ಕೊಡದಿರುವುದು ಹೇಡಿತನವಲ್ಲ, ವಿವೇಕ.

ಬಸದಿಗಳ ವಿಶ್ವಸ್ತ ಮಂಡಳಿಗಳ ಹೊಣೆ ಇನ್ನೂ ಹೆಚ್ಚಿನದು. ಅವುಗಳ ಕೈಯಲ್ಲಿರುವುದು ಪರರ ದಾನ. ಧರ್ಮಾದಾಯ ಸಂಸ್ಥೆಗಳ ನಿಧಿಯನ್ನು ಯಾವ ಯಾವ ರೂಪದಲ್ಲಿ ತೊಡಗಿಸಬಹುದೆಂದು ಆದಾಯ ತೆರಿಗೆ ಕಾನೂನು ಹೆಸರಿಸಿ ಹೇಳಿದೆ. ಆ ಪಟ್ಟಿಯಲ್ಲಿ ಕ್ರಿಪ್ಟೊ ಇಲ್ಲ. ಹೀಗಾಗಿ ತೊಡಗಿಕೆಯ ಪ್ರಶ್ನೆ ಮಂಡಳಿಗಳ ಮಟ್ಟಿಗೆ ಉದ್ಭವಿಸಬಾರದು. ಆದರೆ ಎಣಿಕೆಯ ಪ್ರಶ್ನೆ ಅವುಗಳಿಗೂ ಅನ್ವಯಿಸುತ್ತದೆ. ವಾರ್ಷಿಕ ವರದಿಯಲ್ಲಿ ಸದಸ್ಯರ ಸಂಖ್ಯೆ, ಉತ್ಸವಕ್ಕೆ ಬಂದವರ ಸಂಖ್ಯೆ, ಅಚ್ಚಾದ ಪುಸ್ತಕಗಳ ಪ್ರತಿಗಳು ಇವೆಲ್ಲ ಇರುತ್ತವೆ. ಪ್ರಸಾದದ ತಟ್ಟೆಗಳನ್ನೆಣಿಸಿ ಯಾತ್ರಿಕರ ಸಂಖ್ಯೆ ಬರೆಯುವುದೂ ವಿಳಾಸಗಳನ್ನೆಣಿಸಿ ಬಳಕೆದಾರರ ಸಂಖ್ಯೆ ಬರೆಯುವುದೂ ತತ್ತ್ವತಃ ಬೇರೆಯಲ್ಲ. ಕೊಪಣದಲ್ಲಿ ಹಿಂದೆ 772 ಬಸದಿಗಳಿದ್ದುವೆಂಬ ಪ್ರತೀತಿ ಹೆಮ್ಮೆಯಿಂದ ಹೇಳಿಕೊಳ್ಳಲು ಯೋಗ್ಯವಾದದ್ದೇ. ಆದರೆ ಈಗ ಇರುವ ಬಸದಿಯಲ್ಲಿ ನಿತ್ಯಪೂಜೆಗೆ ಬರುವವರೆಷ್ಟು, ಪಾಠಶಾಲೆಗೆ ಸೇರಿದ ಮಕ್ಕಳಲ್ಲಿ ವರ್ಷದ ಕೊನೆಗೆ ಉಳಿದವರೆಷ್ಟು, ಪುಸ್ತಕ ಕೊಂಡವರಲ್ಲಿ ಓದಿದವರೆಷ್ಟು ಎಂಬುದನ್ನು ಬರೆಯುವ ವರದಿ ಹೆಚ್ಚು ಉಪಯುಕ್ತ. ಅಂಥ ವರದಿಯ ಅಂಕಿಗಳು ಚಿಕ್ಕವಾಗಿರುತ್ತವೆ. ಆದರೆ ಪ್ರತಿ ಅಂಕಿಯ ಪಕ್ಕದಲ್ಲೂ ಏಕಮಾನವನ್ನು ಬರೆದಿರುವುದರಿಂದ ಮುಂದಿನ ತಲೆಮಾರಿನವರು ಅದರ ಅರ್ಥವನ್ನು ಊಹಿಸಬೇಕಾಗುವುದಿಲ್ಲ. ತಮ್ಮ ಪುಸ್ತಕದಲ್ಲಿ ಇಷ್ಟು ನಿಷ್ಠುರವಾಗಿ ಎಣಿಸಿಕೊಳ್ಳುವ ಮಂಡಳಿಯ ಸದಸ್ಯರಿಗೆ ಪರರ ಏರುಗೆರೆಯನ್ನು ಓದುವುದು ಕಷ್ಟವಾಗಲಾರದು.